ಸಮುದ್ರದಡಿಯ ಇಂಟರ್ನೆಟ್ ಕೇಬಲ್ಲೇ ಭೂಕಂಪ ಹಿಡಿಯುತ್ತದೆ ಅಂದಮೇಲೆ, ಅಂಡಮಾನ್ ಕೇಬಲ್‌ನಲ್ಲಿ ಯಾಕೆ ಮಾಡಬಾರದು?

ಓಟಿಡಿಆರ್ ಕೈ (ಎಳೆ ಶುರು ಮಾಡಿದವರು):

ನಾನು ಫೈಬರ್ ಲೈನಿನ ಕೆಲಸದವನು. ಎಲ್ಲೋ ಜೆಸಿಬಿ ಅಗೆದು ಕೇಬಲ್ ಕಟ್ ಆಯಿತು ಅಂದರೆ ಓಟಿಡಿಆರ್ (ಫೈಬರ್‌ಗೆ ಬೆಳಕು ಬಿಟ್ಟು, ವಾಪಸ್ ಬಂದದ್ದರಿಂದ ಕಟ್ ಆದ ಜಾಗ ಹೇಳುವ ಯಂತ್ರ) ಜೋಡಿಸಿ, ಎಷ್ಟನೇ ಕಿಲೋಮೀಟರಿನಲ್ಲಿ ಕಟ್ ಆಗಿದೆ ನೋಡಿ, ಅಲ್ಲಿಗೆ ಹೋಗಿ ಸ್ಪ್ಲೈಸ್ ಹಾಕುವುದು, ಅಂದರೆ ತುಂಡಾದ ತುದಿ ಜೋಡಿಸುವುದು, ನಮ್ಮ ಕೆಲಸ. ಅದೇ ಯಂತ್ರದ ತತ್ವ ಹಿಡಿದು ಸಮುದ್ರದ ತಳದ ಭೂಕಂಪ ಅಳೆಯುತ್ತಿದ್ದಾರೆ ಅಂತ ಓದಿದ ಮೇಲೆ ಈ ವಿಷಯ ತಲೆಯಿಂದ ಇಳಿಯುತ್ತಲೇ ಇಲ್ಲ. ಇಲ್ಲಿ ತಿಳಿದವರು ಇದ್ದೀರಿ, ಮಾತಾಡೋಣ.

ಸಮಸ್ಯೆ ಇಷ್ಟು. ದೊಡ್ಡ ಭೂಕಂಪಗಳು ಹುಟ್ಟುವ ಜಾಗ ಬಹುಪಾಲು ನೀರಿನಡಿ. ಭೂಕಂಪಮಾಪಕಗಳು ಬಹುಪಾಲು ನೆಲದ ಮೇಲೆ. ಸಮುದ್ರದ ತಳಕ್ಕೆ ಮಾಪಕ ಇಳಿಸಬೇಕು ಅಂದರೆ ಹಡಗು ಬೇಕು, ಬ್ಯಾಟರಿ ಬೇಕು. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಹೋಗಿ ಎತ್ತಿಕೊಂಡು ಬಂದಾಗಲೇ ಒಳಗಿನ ದಾಖಲೆ ಸಿಗುವುದು. ಜನರನ್ನು ಎಚ್ಚರಿಸಲು ಅದು ಪ್ರಯೋಜನಕ್ಕೆ ಬರುವುದಿಲ್ಲ. ಇತ್ತ ಇಂಟರ್ನೆಟ್‌ಗಾಗಿ ಹಾಕಿದ ಕೇಬಲ್ ಪ್ರಪಂಚದ ಕಡಲುಗಳಲ್ಲಿ 14 ಲಕ್ಷ ಕಿಲೋಮೀಟರಿಗೂ ಜಾಸ್ತಿ ಇದೆ. ಒಳಗೆ ಕರೆಂಟು ಇದೆ, ಬೆಳಕು ಓಡುತ್ತಿದೆ, ಎರಡೂ ತುದಿ ದಡದಲ್ಲಿವೆ.

ಇದು ಶುರುವಾದದ್ದು ಬೇರೆ ಕೆಲಸದ ನಡುವೆ. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಜುಸೆಪ್ಪೆ ಮಾರಾ ಅನ್ನುವವರು ಪರಮಾಣು ಗಡಿಯಾರಗಳನ್ನು ಹೋಲಿಸಲು ಫೈಬರ್‌ನಲ್ಲಿ ತುಂಬಾ ಸ್ಥಿರವಾದ ಲೇಸರ್ ಕಳಿಸುತ್ತಿದ್ದರು. 2016ರಲ್ಲಿ ಮಧ್ಯ ಇಟಲಿಯಲ್ಲಿ ಭೂಮಿ ನಡುಗಿದಾಗ, ಇಂಗ್ಲೆಂಡಿನ 79 ಕಿ.ಮೀ. ಉದ್ದದ ಆ ಫೈಬರ್‌ನಲ್ಲಿ ಅದು ಕಾಣಿಸಿತು. ಆಮೇಲೆ ಮಾಲ್ಟಾ–ಸಿಸಿಲಿ ನಡುವಿನ 96 ಕಿ.ಮೀ. ಸಮುದ್ರ ಕೇಬಲ್‌ನಲ್ಲಿ 3.4 ತೀವ್ರತೆಯ ಸಣ್ಣ ಭೂಕಂಪವನ್ನೂ ಹಿಡಿದರು. 2018ರಲ್ಲಿ ಇದೆಲ್ಲ ಪ್ರಕಟವಾಯಿತು.

ಈಗ ನಮ್ಮ ಕಡೆಗೆ ಬರೋಣ. ಚೆನ್ನೈನಿಂದ ಅಂಡಮಾನ್ ನಿಕೋಬಾರ್‌ಗೆ ಸುಮಾರು 2,300 ಕಿ.ಮೀ. ಕೇಬಲ್ ಹಾಕಿ 2020ರ ಆಗಸ್ಟ್‌ನಲ್ಲಿ ಉದ್ಘಾಟನೆ ಆಯಿತು. ಸುಮಾರು 1,224 ಕೋಟಿ ರೂಪಾಯಿಯ ಕೆಲಸ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ, ಅಲ್ಲಿಂದ ಕಾರ್ ನಿಕೋಬಾರ್, ಕಮೋರ್ಟಾ, ಗ್ರೇಟ್ ನಿಕೋಬಾರ್ ತನಕ ಹೋಗಿದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಸೀಳಿದ ಆ ಬಿರುಕಿನ ನೆತ್ತಿಯ ಮೇಲೇ ಹೋಗುವ ಕೇಬಲ್ ಅದು. ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗುತ್ತದೆ? ಅಲ್ಲಿ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಮಾತು.

ಮಲ್ಪೆ ಬಂದರು:

ವಿಷಯ ಒಳ್ಳೆಯದುಂಟು ಮಾರಾಯ್ರೇ. ಆದರೆ ನಮ್ಮದೊಂದು ಪ್ರಶ್ನೆ. ಕೇಬಲ್ ಇರುವಲ್ಲಿ ಲಂಗರು ಹಾಕಬೇಡಿ, ಬಲೆ ಎಳೆಯಬೇಡಿ ಅಂತ ಈಗಾಗಲೇ ಹೇಳುತ್ತಾರೆ. ಇನ್ನು ಭೂಕಂಪ ನೋಡುವ ಕೇಬಲ್ ಅಂದರೆ ಇನ್ನಷ್ಟು ಜಾಗ ಮುಚ್ಚುತ್ತಾರಾ? ಮೀನುಗಾರನಿಗೆ ಕಡಲು ಚಿಕ್ಕದಾಗುತ್ತಲೇ ಇದೆ.

ಓಟಿಡಿಆರ್ ಕೈ:

ಇಲ್ಲ ಅಣ್ಣ. ಹೊಸ ಕೇಬಲ್ ಹಾಕುವ ಮಾತೇ ಇಲ್ಲಿಲ್ಲ. ಇರುವ ಕೇಬಲ್‌ನ ದಡದ ತುದಿಯಲ್ಲಿ ಇನ್ನೊಂದು ಪೆಟ್ಟಿಗೆ ಕೂರುತ್ತದೆ, ಅಷ್ಟೆ. ಕೆಲವು ವಿಧಾನದಲ್ಲಿ ಆ ಪೆಟ್ಟಿಗೆಯೂ ಬೇಡ.

ನಿಮ್ಮ ಮಾತಿನಲ್ಲಿ ಇನ್ನೊಂದು ವಿಷಯ ಇದೆ. ಪ್ರಪಂಚದಲ್ಲಿ ವರ್ಷಕ್ಕೆ 150–200 ಸಲ ಸಮುದ್ರ ಕೇಬಲ್ ಕೆಡುತ್ತದೆ. ಅದರಲ್ಲಿ ಮುಕ್ಕಾಲು ಭಾಗದಷ್ಟು ಬಲೆ ಮತ್ತು ಲಂಗರಿನಿಂದ ಆಗುವುದು. ಕೇಬಲ್ಲೇ ಕಂಪನ ಕೇಳಿಸಿಕೊಳ್ಳುವ ಹಾಗಾದರೆ, ಬಲೆಯ ಹಲಗೆ ತಳ ಉಜ್ಜುತ್ತಾ ಹತ್ತಿರ ಬರುವುದು ದಡಕ್ಕೆ ಮೊದಲೇ ಗೊತ್ತಾಗುತ್ತದೆ. ಬೋಟಿನವರಿಗೆ ವೈರ್‌ಲೆಸ್‌ನಲ್ಲಿ ಹೇಳಬಹುದು. ಕೇಬಲ್ಲೂ ಉಳಿಯುತ್ತದೆ, ಬಲೆಯೂ ಉಳಿಯುತ್ತದೆ.

ಮೇಷ್ಟ್ರು ತಿಪಟೂರು:

ಪೆಟ್ಟಿಗೆಯೂ ಬೇಡ ಅಂದಿರಲ್ಲ, ಅದು ಹೇಗೆ ಸರ್? ಹೈಸ್ಕೂಲ್ ಮಕ್ಕಳಿಗೆ ಹೇಳುವಷ್ಟು ಸರಳವಾಗಿ ಯಾರಾದರೂ ಹೇಳಿ.

ನೈಟ್‌ಶಿಫ್ಟ್ ಎನ್‌ಒಸಿ:

ನಾನು ಹೇಳುತ್ತೇನೆ ಮೇಷ್ಟ್ರೇ. ಹಗ್ಗದ ಒಂದು ತುದಿ ಗೋಡೆಗೆ ಕಟ್ಟಿ ಇನ್ನೊಂದು ತುದಿ ಅಲ್ಲಾಡಿಸಿ. ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಮೇಲೆ ಕೆಳಗೆ ಆಡುತ್ತಾ ಸಾಗುತ್ತದೆ, ಅಕ್ಕಪಕ್ಕ ಅಲ್ಲಾಡಿಸಿದರೆ ಅಕ್ಕಪಕ್ಕ ಆಡುತ್ತಾ ಸಾಗುತ್ತದೆ. ಬೆಳಕಿನ ಅಲೆಗೂ ಹೀಗೆ ಒಂದು ದಿಕ್ಕು ಇರುತ್ತದೆ. ಅದಕ್ಕೆ ಪೋಲರೈಸೇಶನ್ ಅನ್ನುತ್ತಾರೆ. ಈಗಿನ ಕೇಬಲ್‌ಗಳು ಎರಡೂ ದಿಕ್ಕಿನಲ್ಲಿ ಬೇರೆ ಬೇರೆ ಮಾಹಿತಿ ಕಳಿಸುತ್ತವೆ. ದಾರಿಯಲ್ಲಿ ಫೈಬರ್ ಸ್ವಲ್ಪ ಬಗ್ಗಿದರೂ, ಎಳೆದಂತಾದರೂ ಈ ದಿಕ್ಕು ತಿರುಗುತ್ತದೆ. ಎಷ್ಟು ತಿರುಗಿತು ಅಂತ ಲೆಕ್ಕ ಹಾಕಿ ಸರಿಮಾಡಿಕೊಳ್ಳದೆ ಆ ಕಡೆಯ ರಿಸೀವರ್‌ಗೆ ಮಾಹಿತಿ ಓದಲು ಆಗುವುದೇ ಇಲ್ಲ. ಹಾಗಾಗಿ ರಿಸೀವರ್ ಆ ಲೆಕ್ಕವನ್ನು ಸದಾ ಹಾಕುತ್ತಲೇ ಇರುತ್ತದೆ. ಕೆಲಸ ಮುಗಿದ ಕೂಡಲೇ ಎಸೆದುಬಿಡುತ್ತದೆ.

ಕ್ಯಾಲ್‌ಟೆಕ್‌ನ ಝೊಂಗ್‌ವೆನ್ ಝಾನ್ ಮತ್ತು ಗೂಗಲ್‌ನ ಎಂಜಿನಿಯರುಗಳು ಸೇರಿ ಮಾಡಿದ್ದು ಇಷ್ಟೇ: ಆ ಎಸೆಯುವ ಲೆಕ್ಕವನ್ನು ಸೆಕೆಂಡಿಗೆ 20 ಸಲ ಬರೆದಿಟ್ಟುಕೊಂಡರು. ಲಾಸ್ ಏಂಜಲೀಸ್‌ನಿಂದ ಚಿಲಿಯ ವಾಲ್ಪರೈಸೊಗೆ ಹೋಗುವ ಕ್ಯೂರಿ ಕೇಬಲ್, ಉದ್ದ 10,000 ಕಿಲೋಮೀಟರಿಗೂ ಜಾಸ್ತಿ. 2020ರ ಜನವರಿ 28ರಂದು ಜಮೈಕಾ ಬಳಿ 7.7ರ ಭೂಕಂಪ ಆದಾಗ ಅದರಲ್ಲಿ ಗೆರೆ ಎದ್ದಿತು. ಜೂನ್‌ನಲ್ಲಿ ಮೆಕ್ಸಿಕೊದ ಓಹಾಕಾದಲ್ಲಿ 7.4 ಆದಾಗಲೂ ಎದ್ದಿತು. 9 ತಿಂಗಳಲ್ಲಿ ಸುಮಾರು 20 ಭೂಕಂಪ. ಹೊಸ ಲೇಸರ್ ಇಲ್ಲ, ಹೊಸ ಫೈಬರ್ ಇಲ್ಲ. ಕೇಬಲ್‌ನಲ್ಲಿ ಮಾಮೂಲು ಟ್ರಾಫಿಕ್ ಓಡುತ್ತಲೇ ಇತ್ತು.

ಇದು ಸಮುದ್ರದಲ್ಲೇ ಯಾಕೆ ಚೆನ್ನಾಗಿ ಆಗುತ್ತದೆ ಅಂದರೆ, ನೆಲದ ಮೇಲಿನ ಫೈಬರ್‌ಗೆ ನೆಮ್ಮದಿ ಇಲ್ಲ. ಲಾರಿ ಹೋಗುತ್ತದೆ, ಬಿಸಿಲು ಏರುತ್ತದೆ, ಕಂಬದ ಮೇಲಿದ್ದರೆ ಗಾಳಿ ಅಲ್ಲಾಡಿಸುತ್ತದೆ. ನೆಟ್‌ವರ್ಕ್ ಕಾಯುವ ನಮ್ಮ ಪರದೆಯಲ್ಲಿ ಪೋಲರೈಸೇಶನ್ ಒಂದು ಕ್ಷಣ ಸುಮ್ಮನಿರುವುದಿಲ್ಲ. ನಾಲ್ಕು ಕಿಲೋಮೀಟರ್ ನೀರಿನಡಿ ತಾಪ ಬದಲಾಗುವುದು ತೀರಾ ಕಡಿಮೆ. ಅಲ್ಲಿ ಏನಾದರೂ ಅಲ್ಲಾಡಿದರೆ ಎದ್ದು ಕಾಣುತ್ತದೆ.

ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಇದರಿಂದ ನಿಮ್ಮ ವಾಟ್ಸಾಪ್ ಮೆಸೇಜನ್ನು ಯಾರೂ ಓದಲು ಆಗುವುದಿಲ್ಲ. ದಿಕ್ಕು ಎಷ್ಟು ತಿರುಗಿತು ಅನ್ನುವುದು ಮಾತ್ರ ಉಳಿಯುತ್ತದೆ, ಒಳಗಿನ ಮಾಹಿತಿ ಅಲ್ಲ.

ಭೂಕಂಪ ಓದುವವಳು:

ಚೆನ್ನಾಗಿ ಹೇಳಿದಿರಿ. ಆದರೆ ಪಿಎಚ್‌ಡಿಗೆ ಇದೇ ಕ್ಷೇತ್ರದಲ್ಲಿ ಇರುವುದರಿಂದ ಇದರ ಮಿತಿಯನ್ನೂ ಹೇಳಲೇಬೇಕು. ಪೋಲರೈಸೇಶನ್ ವಿಧಾನದಲ್ಲಿ 10,000 ಕಿಲೋಮೀಟರೂ ಸೇರಿ ಒಂದೇ ಒಂದು ಸಂಖ್ಯೆ ಬರುತ್ತದೆ. ಎಲ್ಲೋ ಅಲ್ಲಾಡಿತು ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ. ಎಚ್ಚರಿಕೆ ಕೊಡುವವರಿಗೆ 'ಎಲ್ಲಿ' ಬೇಕೇ ಬೇಕು ಅಲ್ವಾ.

ಅದಕ್ಕೆ ಎರಡು ದಾರಿ ಇದೆ. ಒಂದು, ಓಟಿಡಿಆರ್ ಕೈ ಅವರಿಗೆ ಇಷ್ಟವಾಗುವ ಡಾಸ್ (ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್, ಅಂದರೆ ಫೈಬರ್‌ನ ಉದ್ದಕ್ಕೂ ಕಂಪನ ಅಳೆಯುವುದು). ದಡದಿಂದ ಲೇಸರ್ ಮಿಡಿತ ಕಳಿಸುತ್ತಾರೆ. ಗಾಜಿನೊಳಗಿನ ಸಣ್ಣ ಸಣ್ಣ ಏರುಪೇರಿಗೆ ತಾಗಿ ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ಓಟಿಡಿಆರ್ ಆ ವಾಪಸ್ ಬೆಳಕಿನ ಪ್ರಮಾಣ ಮಾತ್ರ ನೋಡುತ್ತದೆ. ಡಾಸ್ ಅದರ ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದನ್ನು ನೋಡುತ್ತದೆ, ಒಂದು ಮಿಡಿತಕ್ಕೂ ಮುಂದಿನದಕ್ಕೂ ಏನು ವ್ಯತ್ಯಾಸ ಅಂತ. ಹಾಗಾಗಿ ಪ್ರತಿ ಕೆಲವು ಮೀಟರಿಗೂ ಒಂದೊಂದು ಮಾಪಕ ಇಟ್ಟ ಹಾಗಾಗುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. 100 ಕಿ.ಮೀ. ಹೋಗಿ ಬರಲು ಒಂದು ಮಿಲಿಸೆಕೆಂಡ್. ಅಂದರೆ 100 ಕಿ.ಮೀ. ಫೈಬರನ್ನು ಸೆಕೆಂಡಿಗೆ 1,000 ಸಲ ನೋಡಬಹುದು, ಭೂಕಂಪಕ್ಕೆ ಧಾರಾಳ ಸಾಕು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಸಂಶೋಧನೆಗೆ ಹಾಕಿದ್ದ ಒಂದು ಕೇಬಲ್‌ನ ರಿಪೇರಿ ಸಮಯದಲ್ಲಿ, ಅದರ 20 ಕಿ.ಮೀ. ಭಾಗವನ್ನು 4 ದಿನ ಹೀಗೆ ಬಳಸಿದರು. ಸುಮಾರು 10,000 ಮಾಪಕಗಳಿಗೆ ಸಮ. ನಕ್ಷೆಯಲ್ಲೇ ಇಲ್ಲದ ಬಿರುಕುಗಳು ಆ 4 ದಿನದಲ್ಲಿ ಕಂಡವು. ಆದರೆ ಸಾಮಾನ್ಯ ಡಾಸ್ ದಡದಿಂದ 100–150 ಕಿ.ಮೀ. ತನಕ ಮಾತ್ರ. ದಾರಿಯಲ್ಲಿ ಬೆಳಕಿಗೆ ಮತ್ತೆ ಬಲ ತುಂಬುವ ರಿಪೀಟರ್ ಬಂದರೆ ಅಲ್ಲಿಗೆ ಮುಗಿಯಿತು, ಹಿಂದಕ್ಕೆ ಬರುವ ಬೆಳಕನ್ನು ಅದು ಬಿಡುವುದಿಲ್ಲ.

ಇನ್ನೊಂದು ದಾರಿ ಮಾರಾ ಅವರ ತಂಡ 2022ರಲ್ಲಿ ತೋರಿಸಿದ್ದು. ರಿಪೀಟರ್ ಸರಿ ಇದೆಯೇ ಅಂತ ದಡದಿಂದ ನೋಡಲು, ಅದರಲ್ಲಿ ಸ್ವಲ್ಪ ಬೆಳಕು ವಾಪಸ್ ಬರುವ ಒಳದಾರಿಯನ್ನು ಮೊದಲೇ ಇಟ್ಟಿರುತ್ತಾರೆ. ಅದನ್ನೇ ಬಳಸಿಕೊಂಡು ಬ್ರಿಟನ್–ಕೆನಡಾ ನಡುವಿನ 5,860 ಕಿ.ಮೀ. ಕೇಬಲನ್ನು 12 ತುಂಡು ಮಾಪಕಗಳಾಗಿ ಮಾಡಿದರು. ಪೆರುವಿನ ಭೂಕಂಪ, ಇಂಡೊನೇಷ್ಯಾದ ಫ್ಲೋರೆಸ್ ಸಮುದ್ರದ ಭೂಕಂಪ ಎರಡೂ ಅಟ್ಲಾಂಟಿಕ್‌ನ ತಳದಲ್ಲಿ ಸಿಕ್ಕವು. ಯಾವ ತುಂಡಿಗೆ ಮೊದಲು ತಲುಪಿತು ಅಂತ ನೋಡಿದರೆ ದಿಕ್ಕು ಗೊತ್ತಾಗುತ್ತದೆ.

ಒಂದು ಕಷ್ಟ ಉಳಿಯುತ್ತದೆ, ತೀವ್ರತೆ. ದೊಡ್ಡ ಭೂಕಂಪ ತೀರಾ ಹತ್ತಿರ ಆದರೆ ಡಾಸ್ ಲೆಕ್ಕ ತಪ್ಪುತ್ತದೆ, ಫೇಸ್ ಅಳತೆ ಮೀರಿ ಹೋಗುತ್ತದೆ. 2004ರಲ್ಲಿ ಎಡವಿದ್ದೂ ತೀವ್ರತೆಯ ಅಂದಾಜಿನಲ್ಲೇ. ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರ ಮೊದಲ ಕಾಲು ಗಂಟೆಯಲ್ಲಿ 8.0 ಅಂದಿತು. ನಿಜಕ್ಕೂ 9.1.

ಸೆಂಡೈ ಕನ್ನಡಿಗ:

ತೀವ್ರತೆಯ ಮಾತು ಬಂತಲ್ಲ, ನಾನಿರುವ ಊರಿನ ಕಥೆ ಅದೇ. 2011ರ ಮಾರ್ಚ್ 11ರಂದು ಜಪಾನಿನ ಹವಾಮಾನ ಸಂಸ್ಥೆ ಮೊದಲು 7.9 ಅಂತ ಅಂದಾಜು ಮಾಡಿತು. ಮಿಯಾಗಿಗೆ 6 ಮೀಟರ್, ಇವಾಟೆ ಮತ್ತು ಫುಕುಶಿಮಾಗೆ 3 ಮೀಟರ್ ಅಲೆ ಅಂತ ಎಚ್ಚರಿಕೆ ಕೊಟ್ಟಿತು. 3 ಮೀಟರ್ ಅಂದಾಗ ತಡೆಗೋಡೆ ಇದೆಯಲ್ಲ ಅಂತ ನಿಂತವರು ಇದ್ದರು. ಇಲ್ಲಿನ ಹಿರಿಯರು ಇವತ್ತಿಗೂ ಅದನ್ನು ಹೇಳುವಾಗ ಮಾತು ನಿಲ್ಲಿಸುತ್ತಾರೆ.

ಆಮೇಲೆ ಜಪಾನ್ ಎಸ್-ನೆಟ್ ಕಟ್ಟಿತು. 150 ವೀಕ್ಷಣಾ ಘಟಕ, ಸುಮಾರು 5,500 ಕಿ.ಮೀ. ಕೇಬಲ್. ಪ್ರತಿ ಘಟಕದಲ್ಲೂ ಭೂಕಂಪಮಾಪಕ ಮತ್ತು ನೀರಿನ ಒತ್ತಡ ಅಳೆಯುವ ಸಾಧನ. ಅಲೆ ತಲೆಯ ಮೇಲೆ ಹಾದುಹೋದರೆ ಒತ್ತಡ ಏರುತ್ತದೆ, ಅಲ್ಲೇ ಅಲೆಯ ಎತ್ತರ ಗೊತ್ತಾಗುತ್ತದೆ, ಅಂದಾಜಿನ ಮಾತೇ ಇಲ್ಲ. ಭೂಕಂಪದ ಎಚ್ಚರಿಕೆ 30 ಸೆಕೆಂಡ್ ತನಕ, ಸುನಾಮಿಯದು 20 ನಿಮಿಷದ ತನಕ ಮೊದಲೇ ಕೊಡಲು ಆಗುತ್ತದೆ ಅನ್ನುವುದು ಅದರ ಉದ್ದೇಶ. ನಿಜವಾದ ಕೆಲಸ ಇದು. ಟೆಲಿಕಾಂ ಕೇಬಲ್‌ನಲ್ಲಿ ಗೆರೆ ನೋಡಿ ತೃಪ್ತಿಪಟ್ಟರೆ, ಸರ್ಕಾರಗಳು ನಿಜವಾದ ಮಾಪಕ ಹಾಕುವುದನ್ನು ಮುಂದೂಡುತ್ತವೆ ಅನ್ನುವುದು ನನ್ನ ಭಯ.

ಓಟಿಡಿಆರ್ ಕೈ:

ಸೆಂಡೈ ಸರ್, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಎಸ್-ನೆಟ್ ಬರಿಯ ಇದಕ್ಕೆಂದೇ ಹಾಕಿದ ಕೇಬಲ್. ಅಷ್ಟು ಹಣ ಹಾಕುವ ಶಕ್ತಿ ಹಿಂದೂ ಮಹಾಸಾಗರದ ಸುತ್ತ ಎಷ್ಟು ದೇಶಕ್ಕಿದೆ? ನಡುವಿನ ದಾರಿ ಒಂದಿದೆ. ಹೊಸ ಟೆಲಿಕಾಂ ಕೇಬಲ್ ಹಾಕುವಾಗಲೇ ರಿಪೀಟರ್ ಜೊತೆ ತಾಪ, ಒತ್ತಡ, ಕಂಪನದ ಮಾಪಕ ಸೇರಿಸಿಬಿಡುವ ಸ್ಮಾರ್ಟ್ ಕೇಬಲ್. ಪೋರ್ಚುಗಲ್ ಲಿಸ್ಬನ್–ಅಜೋರ್ಸ್–ಮಡೈರಾ ನಡುವಿನ ಸುಮಾರು 3,700 ಕಿ.ಮೀ. ಕೇಬಲ್‌ಗೆ ಅದನ್ನೇ ಆರಿಸಿಕೊಂಡಿದೆ. 1755ರಲ್ಲಿ ಲಿಸ್ಬನ್ ಊರನ್ನೇ ಕಳೆದುಕೊಂಡ ದೇಶ ಅದು, ಕಾರಣ ಹೇಳಬೇಕಾಗಿಲ್ಲ. ನಮ್ಮಲ್ಲೂ ಮುಂದಿನ ಕೇಬಲ್‌ನ ಟೆಂಡರ್‌ನಲ್ಲೇ ಇದು ಇರಬೇಕು.

ಆದರೆ ಕೇಬಲ್‌ನ ಆಯುಷ್ಯ 25 ವರ್ಷ. ಈಗಾಗಲೇ ಹಾಕಿರುವುದನ್ನು ಏನು ಮಾಡೋಣ? ಸುಮ್ನೆ ಬಿಡೋಣವೇ? ಅಂಡಮಾನ್ ಕೇಬಲ್‌ನಲ್ಲಿ ಪೋಲರೈಸೇಶನ್ ಬರೆದಿಡಲು ದಡದ ರಿಸೀವರ್‌ನಿಂದ ಆ ಲೆಕ್ಕ ಹೊರಗೆ ತೆಗೆಸಿದರೆ ಸಾಕು. ದ್ವೀಪದ ದಡಗಳಲ್ಲಿ ಡಾಸ್ ಪೆಟ್ಟಿಗೆ ಇಟ್ಟರೆ ಮೊದಲ ನೂರು ಕಿಲೋಮೀಟರ್ ಮೀಟರ್ ಮೀಟರಿಗೂ ಕಾಣುತ್ತದೆ. ಕಾರ್ ನಿಕೋಬಾರ್ ಜನರಿಗೆ ಬೇಕಾದದ್ದು ಅದೇ. 2004ರಲ್ಲಿ ಭೂಮಿ ನಡುಗಿದ್ದು ಬೆಳಿಗ್ಗೆ 6:29ರ ಹೊತ್ತಿಗೆ. ಚೆನ್ನೈಗೆ ಅಲೆ ಬಂದಾಗ 9 ಗಂಟೆಯ ಆಸುಪಾಸು. ಎರಡು ಗಂಟೆಗೂ ಜಾಸ್ತಿ ಸಮಯ ಇತ್ತು, ಹೇಳುವವರು ಇರಲಿಲ್ಲ. 2007ರಿಂದ ಹೈದರಾಬಾದಿನ ಸುನಾಮಿ ಕೇಂದ್ರ ಆ ಕೆಲಸ ಮಾಡುತ್ತಿದೆ. ಆದರೆ ನಿಕೋಬಾರ್‌ಗೆ ಎರಡು ಗಂಟೆ ಇರುವುದಿಲ್ಲ, ಬೆರಳೆಣಿಕೆಯ ನಿಮಿಷ. ಇಂದಿರಾ ಪಾಯಿಂಟ್ ದೀಪಸ್ತಂಭದ ನೆಲವೇ 4 ಮೀಟರಿಗೂ ಜಾಸ್ತಿ ಕುಸಿದ ಜಾಗ ಅದು. ಅಲ್ಲಿ ಅರ್ಧ ನಿಮಿಷ ಮೊದಲು ಸೈರನ್ ಕೂಗಿದರೂ ಒಂದು ಶಾಲೆಯ ಮಕ್ಕಳು ಹೊರಗೆ ಬರುತ್ತಾರೆ.

ಕುಂದಾಪ್ರ ಕನ್ನಡಿ:

ಒಂದು ಅನುಮಾನ. 2022ರ ಜನವರಿಯಲ್ಲಿ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿದಾಗ ಕೇಬಲ್ಲೇ ತುಂಡಾಗಿ ದೇಶ ಐದು ವಾರ ಕೇಬಲ್ ಸಂಪರ್ಕ ಇಲ್ಲದೆ ಕೂತಿತು. ಅಪಾಯ ಬಂದಾಗ ಮೊದಲು ಹೋಗುವುದೇ ಕೇಬಲ್ ಆದರೆ, ಅದನ್ನು ನಂಬಿ ಕೂರುವುದು ಹೇಗೆ?

ಭೂಕಂಪ ಓದುವವಳು:

ಮೊದಲು ಹೋಗುವುದಿಲ್ಲ, ಅದೇ ಇಲ್ಲಿ ಗಮನಿಸಬೇಕಾದದ್ದು. ಟೊಂಗಾದಲ್ಲಿ ಕೇಬಲ್ ಕಡಿದದ್ದು ಸಮುದ್ರದ ತಳದಲ್ಲಿ ಗಂಟೆಗೆ 122 ಕಿ.ಮೀ. ತನಕ ವೇಗದಲ್ಲಿ ನುಗ್ಗಿದ ಬೂದಿ ಕಲ್ಲಿನ ಪ್ರವಾಹ. ಫೈಬರ್‌ನ ಬೆಳಕಿನ ಮುಂದೆ ಆ ವೇಗ ಏನೂ ಅಲ್ಲ. ಕಂಪನದ ಸುದ್ದಿ ದಡ ಸೇರಿದ ಮೇಲೆಯೇ ಕೇಬಲ್ ಕಡಿಯುವುದು.

1929ರ ನವೆಂಬರ್ 18ರ ಕಥೆ ಹೇಳುತ್ತೇನೆ. ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣದ ಕಡಲಲ್ಲಿ, ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ 7.2ರ ಭೂಕಂಪ. ಆಗ ಅಲ್ಲಿ ಇದ್ದದ್ದು ತಂತಿ ಸಂದೇಶದ ಕೇಬಲ್‌ಗಳು. ಹತ್ತಿರದವು ಕೂಡಲೇ ತುಂಡಾದವು. ದೂರದವು ಒಂದಾದ ಮೇಲೊಂದು, 13 ಗಂಟೆಗೂ ಜಾಸ್ತಿ ಹೊತ್ತು ಕಡಿಯುತ್ತಾ ಹೋದವು. ಒಟ್ಟು 12 ಕೇಬಲ್. ಯಾವುದು ಎಷ್ಟು ಗಂಟೆಗೆ ನಿಂತಿತು ಅನ್ನುವುದು ಕಚೇರಿಗಳ ದಾಖಲೆಯಲ್ಲಿ ಇತ್ತು. 1952ರಲ್ಲಿ ಹೀಜನ್ ಮತ್ತು ಯೂಯಿಂಗ್ ಅನ್ನುವ ವಿಜ್ಞಾನಿಗಳು ಆ ಸಮಯಗಳನ್ನು ಜೋಡಿಸಿ, ಸಮುದ್ರದ ತಳದಲ್ಲಿ ಕೆಸರಿನ ಪ್ರವಾಹ ಇಳಿಜಾರಿನಲ್ಲಿ ಓಡಿದೆ ಅಂತ ತೋರಿಸಿದರು. ಅಷ್ಟು ವೇಗದ ಕೆಸರು ಆ ಆಳದಲ್ಲಿ ಇರಬಹುದು ಅಂದರೆ ಆಗ ತುಂಬಾ ಜನ ಒಪ್ಪುತ್ತಿರಲಿಲ್ಲ. ಅಂದು ಕೇಬಲ್ ಕಡಿದರೆ ಮಾತ್ರ ಸುದ್ದಿ ಸಿಗುತ್ತಿತ್ತು. ಈಗ ಕಡಿಯುವ ಮೊದಲೇ ಸಿಗುತ್ತದೆ.

ನೈಟ್‌ಶಿಫ್ಟ್ ಎನ್‌ಒಸಿ:

ನಿಜವಾದ ಅಡ್ಡಿ ತಂತ್ರಜ್ಞಾನದ್ದಲ್ಲ. ಡಾಸ್ ಪೆಟ್ಟಿಗೆ ಭೂಕಂಪವನ್ನಷ್ಟೇ ಕೇಳುವುದಿಲ್ಲ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 120 ಕಿ.ಮೀ. ಫೈಬರ್‌ನಲ್ಲಿ ತಿಮಿಂಗಿಲದ ದನಿ ಹಿಡಿದಿದ್ದಾರೆ. ತಿಮಿಂಗಿಲ ಕೇಳಿಸಿದರೆ ಹಡಗಿನ ಎಂಜಿನ್ನೂ ಕೇಳಿಸುತ್ತದೆ. ಅಂಡಮಾನ್ ಸುತ್ತ ನೌಕಾಪಡೆಯ ಓಡಾಟ ಎಷ್ಟು ಅಂತ ಎಲ್ಲರಿಗೂ ಗೊತ್ತು. ಆ ದಾಖಲೆಯನ್ನು ಯಾರು ಇಟ್ಟುಕೊಳ್ಳಬೇಕು, ಯಾರಿಗೆ ಕೊಡಬೇಕು ಅನ್ನುವುದು ಮೊದಲು ತೀರ್ಮಾನ ಆಗಬೇಕು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ನೆಪ್ಚೂನ್ ಅನ್ನುವ 800 ಕಿ.ಮೀ. ವೀಕ್ಷಣಾ ಕೇಬಲ್ ಇದೆ. ಅಲ್ಲಿ ನೀರಿನ ಶಬ್ದದ ದಾಖಲೆ ಮೊದಲು ನೌಕಾಪಡೆಯ ಜರಡಿ ಹಾಯ್ದು ಆಮೇಲೆ ವಿಜ್ಞಾನಿಗಳಿಗೆ ಬರುತ್ತದೆ. ಅಂಥ ಒಪ್ಪಂದ ಇಲ್ಲೂ ಸಾಧ್ಯ. ಅಂಡಮಾನ್‌ನಲ್ಲಿ ಪೋಲರೈಸೇಶನ್‌ನಿಂದ ಶುರು ಮಾಡಿ ಅಂತ ನಾನು ಹೇಳುವುದೂ ಅದಕ್ಕೇ. ಇಡೀ ಕೇಬಲ್‌ಗೆ ಒಂದೇ ಸಂಖ್ಯೆ ಇರುವುದರಿಂದ, ಯಾವ ಹಡಗು ಎಲ್ಲಿತ್ತು ಅಂತ ಅದರಲ್ಲಿ ಹುಡುಕಲು ಆಗುವುದಿಲ್ಲ.

ಓಟಿಡಿಆರ್ ಕೈ:

ಇದು ನನಗೆ ಒಪ್ಪಿಗೆ. ಪೋಲರೈಸೇಶನ್ ಮೊದಲು, ಡಾಸ್ ಆಮೇಲೆ.

ಮಲ್ಪೆ ಬಂದರು:

ಎಲ್ಲರೂ ಪೂರ್ವದ ಕಡಲಿನ ಬಗ್ಗೆ ಹೇಳಿದಿರಿ. ನಮ್ಮ ಅರಬ್ಬಿ ಸಮುದ್ರದ ಕಥೆ ಏನು? ನಮ್ಮಲ್ಲಿ ಸುನಾಮಿ ಬರುವುದೇ ಇಲ್ಲ ಅಂತ ಎಲ್ಲರೂ ಅನ್ನುತ್ತಾರೆ.

ಭೂಕಂಪ ಓದುವವಳು:

ಬಂದಿದೆ ಅಣ್ಣ. 1945ರ ನವೆಂಬರ್ 28ರ ಬೆಳಗಿನ ಜಾವ ಮಕ್ರಾನ್ ಕರಾವಳಿಯಲ್ಲಿ, ಅಂದರೆ ಈಗಿನ ಪಾಕಿಸ್ತಾನ–ಇರಾನ್ ಕಡಲ ತೀರದಲ್ಲಿ, 8.1ರ ಭೂಕಂಪ ಆಯಿತು. ಮುಂಬಯಿಗೆ ಬೆಳಿಗ್ಗೆ 8 ಗಂಟೆಯ ನಂತರ ಸುಮಾರು 2 ಮೀಟರ್ ಅಲೆ ಬಂತು, ಜನ ಕೊಚ್ಚಿಹೋದರು. ನೀರು ಏರಿದ್ದು ಕೆಳಗೆ ಕಾರವಾರದ ತನಕ ದಾಖಲಾಗಿದೆ. ಮುಂಬಯಿಯಿಂದ ಗಲ್ಫ್‌ಗೆ ಹೋಗುವ ಕೇಬಲ್‌ಗಳು ಆ ಮಕ್ರಾನ್‌ನ ಎದುರಿಗೇ ಹಾದು ಹೋಗುತ್ತವೆ. ಅವುಗಳಲ್ಲಿ ಒಂದು ಕಿವಿ ಇಟ್ಟರೆ ನಿಮಗೆ ಉಪಯೋಗ.

ಆದರೆ ನಿಮ್ಮ ಬಂದರಿಗೆ ಗಂಟೆಗಳ ಸಮಯ ಸಿಗುತ್ತದೆ. ಸೆಕೆಂಡುಗಳ ಓಟ ಅಲ್ಲ. ನಿಮಗೆ ಮುಖ್ಯವಾದದ್ದು ಸುದ್ದಿ ಬೋಟಿನ ತನಕ ತಲುಪುವುದು. ಆಳ ನೀರಿನಲ್ಲಿ ಇರುವ ಬೋಟಿಗೆ ಸುನಾಮಿ ಅಲೆ ಹಾದುಹೋದದ್ದೂ ಗೊತ್ತಾಗುವುದಿಲ್ಲ. ಅಪಾಯ ಇರುವುದು ಬಂದರಿನೊಳಗೆ, ಅಳಿವೆ ಬಾಯಲ್ಲಿ. ಎಚ್ಚರಿಕೆ ಬಂದರೆ ಹೊರಗಿರುವವರು ಒಳಗೆ ಬರಬಾರದು.

ಮಲ್ಪೆ ಬಂದರು:

ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಏನಾದರೂ ಸುದ್ದಿ ಕೇಳಿದರೆ ಎಲ್ಲರೂ ಬಂದರಿಗೇ ಓಡಿ ಬರುವುದು. ಆಳ ನೀರಿನ ಮಾತನ್ನು ನಮ್ಮ ಸಂಘದ ಸಭೆಯಲ್ಲಿ ಹೇಳುತ್ತೇನೆ. ಎಷ್ಟು ಆಳ ಇದ್ದರೆ ಸಾಕು ಅಂತ ಒಂದು ಲೆಕ್ಕ ಬರೆದುಕೊಡಿ ಮೇಡಂ, ಬೋಟಿನವರು ಮಾರಿನಲ್ಲಿ ಕೇಳುತ್ತಾರೆ.

ಭೂಕಂಪ ಓದುವವಳು:

ನೂರು ಮೀಟರ್ ಆಳದ ಆಚೆ ಅಂತ ಹೇಳಿ, ಅಂದರೆ 55 ಮಾರು. ಅಲ್ಲಿಗೆ ಹೋಗಲು ಸಮಯ ಇಲ್ಲದಿದ್ದರೆ ಬೋಟು ಬಿಟ್ಟು ಎತ್ತರಕ್ಕೆ ಹೋಗುವುದು. ಒಂದೇ ಅಲೆಗೆ ಮುಗಿಯುವುದಿಲ್ಲ, ಗಂಟೆಗಟ್ಟಲೆ ಬರುತ್ತಿರುತ್ತದೆ. ಅಧಿಕಾರಿಗಳು ಹೇಳುವ ತನಕ ಯಾರೂ ಬಂದರಿಗೆ ಇಳಿಯಬಾರದು. ಇದನ್ನು ದೊಡ್ಡ ಅಕ್ಷರದಲ್ಲಿ ಒಂದು ಪುಟ ಮಾಡಿ ಇಲ್ಲೇ ಹಾಕುತ್ತೇನೆ, ಸಭೆಯಲ್ಲಿ ಹಂಚಿ.